ಸಂಕ್ರಾಂತಿ ಕಳೆದ ಮೇಲೆ ಚಳಿಗಾಲದ ತರಕಾರಿ: ಬೆಂಗಳೂರಲ್ಲಿ ಇನ್ನು ಏನೇನು ಹಾಕಬಹುದು?

ತಾರಸಿ_ನಾಗರಭಾವಿ · ಜನವರಿ 27

ಎಲ್ಲರಿಗೂ ನಮಸ್ಕಾರ. ಚಳಿಗಾಲದ ತರಕಾರಿ ಹಾಕೋದಕ್ಕೆ ಇನ್ನೂ ಸಮಯ ಇದೆಯಾ? ಇದ್ದರೆ ಯಾವುದನ್ನು ಮೊದಲು ಹಾಕಬೇಕು, ಯಾವುದನ್ನು ಮುಂದಿನ ಅಕ್ಟೋಬರ್‌ಗೆ ಎತ್ತಿಡಬೇಕು?

ಜಾಗದ ವಿವರ ಕೊಡುತ್ತೇನೆ. ಎರಡನೇ ಮಹಡಿಯ ಮೇಲೆ ತೆರೆದ ತಾರಸಿ, ಬೆಳಿಗ್ಗೆ 7ರಿಂದ ಸಂಜೆ 4ರವರೆಗೆ ನೇರ ಬಿಸಿಲು. ಪಶ್ಚಿಮಕ್ಕೆ ನೀರಿನ ಟ್ಯಾಂಕ್ ಇರೋದರಿಂದ ಒಂದು ಮೂಲೆಗೆ ಮಧ್ಯಾಹ್ನ 2ರ ನಂತರ ನೆರಳು. 24 ಇಂಚು ಅಗಲ 12 ಇಂಚು ಎತ್ತರದ ಗ್ರೋಬ್ಯಾಗ್ 6, 12 ಇಂಚು ಅಗಲ 12 ಇಂಚು ಎತ್ತರದ್ದು 10. ಮನೆ ಹಿಂದೆ 12 ಅಡಿ ಉದ್ದ 8 ಅಡಿ ಅಗಲದ ನೆಲವೂ ಇದೆ, ಕೆಮ್ಮಣ್ಣು. ಕಾವೇರಿ ನೀರು ದಿನ ಬಿಟ್ಟು ದಿನ, ಉಳಿದಂತೆ ಬೋರ್‌ವೆಲ್.

ಕೈಯಲ್ಲಿರುವ ಬೀಜ: ಕ್ಯಾರೆಟ್ (ಕುರೋಡಾ), ಬೀಟ್‌ರೂಟ್ (ಡೆಟ್ರಾಯಿಟ್ ಡಾರ್ಕ್ ರೆಡ್), ಮೂಲಂಗಿ (ಪೂಸಾ ಚೇತಕಿ), ಹೂಕೋಸು (ಸ್ನೋಬಾಲ್), ನವಿಲುಕೋಸು (ವೈಟ್ ವಿಯೆನ್ನಾ), ಬಟಾಣಿ (ಬಾನ್‌ವಿಲ್), ಹುರುಳಿಕಾಯಿ, ಪಾಲಕ್, ಕೊತ್ತಂಬರಿ, ಮೆಂತ್ಯ. ಎಲ್ಲ ಪೊಟ್ಟಣದ ಮೇಲೂ ‘ಅಕ್ಟೋಬರ್‌ನಿಂದ ಫೆಬ್ರವರಿ’ ಅಂತಲೇ ಇದೆ.

ಹಿತ್ತಿಲಗಿಡ · ಜನವರಿ 27

ಸಮಯ ಇದೆ, ಆದರೆ ನಿಮ್ಮ ಪಟ್ಟಿಯಲ್ಲಿರೋ ಎಲ್ಲದಕ್ಕೂ ಇಲ್ಲ. ಪೊಟ್ಟಣದ ಮೇಲಿನ ತಿಂಗಳು ಇಡೀ ದೇಶಕ್ಕೆ ಅಂತ ಅಚ್ಚು ಹಾಕಿದ್ದು. ಈಗ ಬೆಳಿಗ್ಗೆ ಹೊತ್ತು ಸ್ವೆಟರ್ ಬೇಕಾಗುತ್ತೆ ಅಂತ ಬಿತ್ತೋಕೆ ಹೊರಡಬೇಡಿ. ಗೆಡ್ಡೆ ಕಟ್ಟೋ ವಾರ, ಹೂ ಬಿಡೋ ವಾರ ಯಾವ ತಿಂಗಳಲ್ಲಿ ಬರುತ್ತೆ ಅಂತ ಮೊದಲು ಎಣಿಸಿ.

ಬೆಂಗಳೂರಿನ ಸರಾಸರಿ ಗರಿಷ್ಠ ತಾಪಮಾನ ಜನವರಿಯಲ್ಲಿ ಸುಮಾರು 28 ಡಿಗ್ರಿ, ಫೆಬ್ರವರಿಯಲ್ಲಿ 30–31, ಮಾರ್ಚ್‌ನಲ್ಲಿ 33, ಏಪ್ರಿಲ್‌ನಲ್ಲಿ 34ರ ಆಸುಪಾಸು. ಮಾರ್ಚ್ ಅರ್ಧ ಆದ ಮೇಲೆ ರಾತ್ರಿನೂ 20 ಡಿಗ್ರಿಗಿಂತ ಕೆಳಗೆ ಇಳಿಯೋದು ಕಡಿಮೆ. ಹಗಲಲ್ಲಿ ಎಲೆ ತಯಾರಿಸಿದ ಸಕ್ಕರೆ ಗೆಡ್ಡೆಗೆ ಹೋಗಿ ಸೇರಬೇಕಾದರೆ ರಾತ್ರಿ ತಂಪಿರಬೇಕು. ರಾತ್ರಿ ಬೆಚ್ಚಗಿದ್ದರೆ ಗಿಡ ಉಸಿರಾಟದಲ್ಲೇ ಅದನ್ನು ಖರ್ಚು ಮಾಡಿಬಿಡುತ್ತೆ. ಆಗ ಎಲೆ ಮಾತ್ರ ದೊಡ್ಡದು, ಬೇರು ಪೆನ್ಸಿಲ್ ಗಾತ್ರ.

ಹಿಮ ಬೀಳೋ ದೇಶಗಳ ವಿಡಿಯೋದಲ್ಲಿ ‘ಚಳಿಗಾಲದ ಕೊನೆಯಲ್ಲಿ ಬಟಾಣಿ, ಲೆಟ್ಯೂಸ್, ಕ್ಯಾರೆಟ್ ಬಿತ್ತಿ’ ಅಂತ ಹೇಳ್ತಾರೆ. ಅಲ್ಲಿ ಫೆಬ್ರವರಿ ಆದಮೇಲೆ ಮೂರು ತಿಂಗಳು ತಂಪು ಬಾಕಿ ಇರುತ್ತೆ. ನಮ್ಮಲ್ಲಿ ದಾಖಲಾಗಿರೋ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಇಲ್ಲಿ ಗಿಡಕ್ಕೆ ಚಳಿಯಿಂದ ಏನೂ ಆಗಲ್ಲ, ಮುಂದೆ ಬರೋ ಬಿಸಿಲಿಂದಲೇ ಎಲ್ಲ ತೊಂದರೆ.

ತಾರಸಿಗೆ ಮಾರ್ಚ್ 15 ಗಡಿ ಅಂತ ಇಟ್ಟುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಎಣಿಸಿ. ಇವತ್ತಿಂದ ನಿಮ್ಮ ಕೈಯಲ್ಲಿರೋದು ಏಳು ವಾರಕ್ಕಿಂತ ಕಡಿಮೆ. ಅಷ್ಟರಲ್ಲಿ ಮುಗಿಯೋದನ್ನು ಈ ವಾರವೇ ಹಾಕಿ.

ಮೂಲಂಗಿ ಮೊದಲು. ಪೂಸಾ ಚೇತಕಿ ಬಿಸಿ ತಡೆಯೋ ತಳಿ, 40–45 ದಿನ. ಅದು ಕೈಯಲ್ಲಿರೋದು ಒಳ್ಳೇದಾಯ್ತು. 24 ಇಂಚಿನ ಬ್ಯಾಗಿಗೆ 4 ಇಂಚು ಅಂತರದಲ್ಲಿ 20–25 ಗುಣಿ, ಗುಣಿಗೆ ಎರಡು ಬೀಜ, ಅರ್ಧ ಇಂಚು ಆಳ. ಎರಡು ನಿಜ ಎಲೆ (ಮೊಳಕೆಯ ಮೊದಲ ಜೋಡಿ ಆದಮೇಲೆ ಬರೋ ಎಲೆ) ಬಂದಾಗ ಗುಣಿಗೆ ಒಂದನ್ನು ಉಳಿಸಿ ಇನ್ನೊಂದನ್ನು ಕತ್ತರಿಯಲ್ಲಿ ಕತ್ತರಿಸಿ. ಕೀಳಬೇಡಿ, ಪಕ್ಕದ್ದರ ಬೇರು ಅಲುಗಾಡುತ್ತೆ. ಕತ್ತರಿಸಿದ ಸಸಿ ಹುಳಿಗೆ ಹಾಕೋಕೆ ಆಗುತ್ತೆ. 45 ದಿನ ಆದಮೇಲೆ ಇನ್ನೂ ದಪ್ಪ ಆಗಲಿ ಅಂತ ಬಿಟ್ಟರೆ ಒಳಗೆ ಬೆಂಡಾಗುತ್ತೆ. ನೀರು ಒಂದು ದಿನ ಒಣಗಿ ಒಂದು ದಿನ ತುಂಬಿದರೆ ಸೀಳುತ್ತೆ, ಖಾರವೂ ಏರುತ್ತೆ.

ಮೆಂತ್ಯ 20–25 ದಿನಕ್ಕೆ ಕೀಳೋಕೆ ಬರುತ್ತೆ. ಫೆಬ್ರವರಿ ಕೊನೆವರೆಗೂ ವಾರಕ್ಕೊಂದು 12 ಇಂಚಿನ ಬ್ಯಾಗಿನಂತೆ ಹಾಕ್ತಾ ಹೋಗಿ. ಪಾಲಕ್‌ಗೆ ಹೆದರಬೇಕಿಲ್ಲ. ನಾವು ಪಾಲಕ್ ಅನ್ನೋದು ಬೀಟ್‌ರೂಟ್‌ನ ಹತ್ತಿರದ ಸಂಬಂಧಿ, ಹೊರದೇಶದ ಸ್ಪಿನಾಚ್ ಬೇರೆ ಗಿಡ. ಆ ಸ್ಪಿನಾಚ್ ಮಣ್ಣು 30 ಡಿಗ್ರಿ ದಾಟಿದರೆ ಸರಿಯಾಗಿ ಮೊಳೆಯೋದೇ ಇಲ್ಲ. ನಮ್ಮ ಪಾಲಕ್ ಏಪ್ರಿಲ್‌ವರೆಗೂ ಕೊಯ್ಲು ಕೊಡುತ್ತೆ. ನೆಲದಿಂದ ಒಂದೂವರೆ ಇಂಚು ಬಿಟ್ಟು ಹೊರಗಿನ ಎಲೆ ಕೊಯ್ಯಿರಿ, ನಡುವಿನ ಕುಡಿ ಮುಟ್ಟಬೇಡಿ.

ನವಿಲುಕೋಸನ್ನು ಬೀಜದಿಂದ ಶುರು ಮಾಡೋಕೆ ತಡ ಆಯ್ತು. ಸಸಿ ಆಗೋಕೇ 25 ದಿನ ಬೇಕು. ನರ್ಸರಿಯಿಂದ ಪ್ರೋಟ್ರೇ (ಸಣ್ಣ ಗುಳಿಗಳಿರೋ ಪ್ಲಾಸ್ಟಿಕ್ ಟ್ರೇ) ಸಸಿ ತನ್ನಿ. ನಾಲ್ಕೈದು ಎಲೆಯ, ಕಾಂಡ ಇನ್ನೂ ಮೃದುವಾಗಿರೋ ಸಸಿ ಆಗಬೇಕು. ಟ್ರೇಯಲ್ಲೇ ಬಲಿತು ಕಾಂಡ ಕಡ್ಡಿಯಂತೆ ಆಗಿದ್ದರೆ ಬೇಡ, ಅದು ಗೆಡ್ಡೆ ಕಟ್ಟೋ ಬದಲು ನಾರಾಗುತ್ತೆ. ಫೆಬ್ರವರಿ ಮೊದಲ ವಾರ ಸಂಜೆ ಹೊತ್ತು, 8 ಇಂಚು ಅಂತರದಲ್ಲಿ, ದೊಡ್ಡ ಬ್ಯಾಗಿಗೆ ಆರು ಸಸಿ. 40 ದಿನಕ್ಕೆ ಟೆನಿಸ್ ಚೆಂಡಿನಷ್ಟು ಆಗುತ್ತೆ, ಆಗಲೇ ಕೊಯ್ಯಿರಿ.

ಸ್ನೋಬಾಲ್ ಹೂಕೋಸನ್ನು ಈ ಸಲ ಮುಟ್ಟಲೇಬೇಡಿ. ಅದು ಹೂ ಕಟ್ಟೋಕೆ 10ರಿಂದ 16 ಡಿಗ್ರಿ ಕೇಳುತ್ತೆ. ಮಾರ್ಚ್‌ನಲ್ಲಿ ಒಂದೋ ಬರೀ ಎಲೆ, ಇಲ್ಲವೇ ಹೂವಿನ ನಡುವೆ ಎಲೆ ತೂರಿ, ಮೇಲೆ ಅಕ್ಕಿ ನುಚ್ಚು ಚೆಲ್ಲಿದ ಹಾಗೆ ಒಡೆದು ಬರುತ್ತೆ. ನೀವೆಷ್ಟು ಗೊಬ್ಬರ ಹಾಕಿದರೂ ಅದು ಸರಿಹೋಗಲ್ಲ, ತಳಿಯ ಗುಣ. ಕ್ಯಾರೆಟ್, ಬಟಾಣಿಯನ್ನೂ ಎತ್ತಿಡಿ.

ಕೆಮ್ಮಣ್ಣು · ಜನವರಿ 28

ಹಿತ್ತಿಲಗಿಡ ಅವರು ತಾರಸಿಯ ಬಗ್ಗೆ ಹೇಳಿದ್ದು ಸರಿ. ಕ್ಯಾರೆಟ್ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ, ಏಕೆಂದರೆ ಇವರಿಗೆ ನೆಲವೂ ಇದೆ. ಬಿಸಿಲಿಗೆ ಕಾದ ಗ್ರೋಬ್ಯಾಗಿನ ಮಣ್ಣಿಗೂ ಹೊದಿಕೆ ಹಾಕಿದ ನೆಲದ ಮಣ್ಣಿಗೂ ಮಧ್ಯಾಹ್ನ ದೊಡ್ಡ ಅಂತರವಿರುತ್ತದೆ. ಬ್ಯಾಗು ನಾಲ್ಕೂ ಕಡೆಯಿಂದ ಕಾಯುತ್ತದೆ, ಅಡಿಯಿಂದ ಕಾಂಕ್ರೀಟು ರಾತ್ರಿ ಎಂಟರವರೆಗೂ ಬಿಸಿ ಬಿಡುತ್ತಿರುತ್ತದೆ. ನೆಲದಲ್ಲಿ ನಾಲ್ಕು ಇಂಚು ಕೆಳಗೆ ಅಷ್ಟು ಏರಿಳಿತವಿಲ್ಲ.

ಕುರೋಡಾ ಬಿಸಿಗೆ ಒಗ್ಗುವ ಬಗೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸೂರಜ್ ಸಿಕ್ಕರೆ ಅದೂ ಆಗುತ್ತದೆ. ಫೆಬ್ರವರಿ 5ರೊಳಗೆ ಬಿತ್ತಿದರೆ ಏಪ್ರಿಲ್ ಮೂರನೇ ವಾರಕ್ಕೆ ಬೆರಳು ಗಾತ್ರ ದಾಟಿದ, ಪಲ್ಯಕ್ಕೆ ಸಾಕಾಗುವ ಕ್ಯಾರೆಟ್ ಸಿಗುತ್ತದೆ. ನವೆಂಬರಿನ ಬಣ್ಣ, ಸಿಹಿ ನಿರೀಕ್ಷಿಸಬಾರದು. ಬಣ್ಣ ಚೆನ್ನಾಗಿ ಬರಲು 18–21 ಡಿಗ್ರಿ ಬೇಕು. ಬಿಸಿ ಏರಿದಷ್ಟೂ ಬೇರು ಮೋಟಾಗಿ, ಪೇಲವವಾಗಿ, ನಡುವಿನ ದಿಂಡು ದಪ್ಪವಾಗಿ ಬರುತ್ತದೆ. ಇಷ್ಟಕ್ಕೆ ಒಪ್ಪುವವರು ಹಾಕಬಹುದು.

ಮಡಿ ಮಾಡುವ ವಿಧಾನ: 3 ಅಡಿ ಅಗಲ, 8 ಅಡಿ ಉದ್ದ. 12 ಇಂಚು ಆಳ ಅಗೆದು ಕಲ್ಲು, ಹೆಂಟೆ, ಹಳೆ ಬೇರು ಎಲ್ಲ ತೆಗೆಯಿರಿ. ಒಂದು ಭಾಗ ಮರಳು ಅಥವಾ ಎಂ-ಸ್ಯಾಂಡ್, ಒಂದು ಭಾಗ ಪೂರ್ತಿ ಕಳಿತ ಕಾಂಪೋಸ್ಟು, ಮೂರು ಭಾಗ ಮಣ್ಣು. ಎಂ-ಸ್ಯಾಂಡಾದರೆ ಮೊದಲು ತೊಳೆಯಿರಿ. ಅದರ ಕಲ್ಲುಪುಡಿ ಕೆಮ್ಮಣ್ಣಿನ ಜೊತೆ ಸೇರಿ ಗಾರೆಯಂತೆ ಗಟ್ಟಿಯಾಗುತ್ತದೆ. ಹಸಿ ಸಗಣಿ ಗೊಬ್ಬರ ಖಂಡಿತ ಬೇಡ. ಬೇರಿನ ತುದಿ ಅದಕ್ಕೆ ತಗುಲಿದರೆ ಸುಟ್ಟು ಎರಡು ಮೂರು ಕವಲಾಗುತ್ತದೆ. ಜನ ಕಲ್ಲನ್ನು ದೂರುತ್ತಾರೆ, ಎಷ್ಟೋ ಸಲ ಕಾರಣ ಹಸಿ ಗೊಬ್ಬರವೇ ಆಗಿರುತ್ತದೆ.

ಕ್ಯಾರೆಟ್ ಸೋಲುವುದು ಹೆಚ್ಚಾಗಿ ಮೊದಲ ಹದಿನೈದು ದಿನದಲ್ಲಿ. ಬೀಜ ಸಣ್ಣದು, ಕಾಲು ಇಂಚಿಗಿಂತ ಆಳ ಹೋಗಬಾರದು, ಮೊಳೆಯಲು 8ರಿಂದ 15 ದಿನ ಬೇಕು. ಅಷ್ಟು ದಿನ ಮೇಲಿನ ಕಾಲು ಇಂಚು ಮಣ್ಣು ಒಂದು ಮಧ್ಯಾಹ್ನವೂ ಒಣಗಬಾರದು. ಫೆಬ್ರವರಿಯ ಒಣ ಗಾಳಿಯಲ್ಲಿ ಬೆಳಿಗ್ಗೆ ಹಾಕಿದ ನೀರು 12 ಗಂಟೆಗೆ ಮೇಲ್ಪದರದಲ್ಲಿ ಇರುವುದಿಲ್ಲ. ಆದ್ದರಿಂದ ಬೀಜವನ್ನು ನಾಲ್ಕರಷ್ಟು ಒಣ ಮರಳಿನ ಜೊತೆ ಬೆರೆಸಿ, 8 ಇಂಚು ಅಂತರದ ಸಾಲಿನಲ್ಲಿ ಉದುರಿಸಿ, ಜರಡಿ ಹಿಡಿದ ಕಾಂಪೋಸ್ಟಿನಿಂದ ತೆಳ್ಳಗೆ ಮುಚ್ಚಿ, ಮೇಲೆ ನೆನೆಸಿದ ಗೋಣಿತಟ್ಟು ಹಾಸಿ. ನೀರನ್ನು ಗೋಣಿಯ ಮೇಲೆಯೇ ಚಿಮುಕಿಸಿ. ಆರನೇ ದಿನದಿಂದ ದಿನಾ ಎತ್ತಿ ನೋಡಿ, ಬಿಳಿ ಮೊಳಕೆ ಕಂಡ ಸಂಜೆಯೇ ಗೋಣಿ ತೆಗೆಯಿರಿ. ಒಂದು ದಿನ ತಡವಾದರೂ ಮೊಳಕೆ ನೂಲಿನೊಳಗೆ ಸಿಕ್ಕಿಕೊಂಡು ಗೋಣಿಯ ಜೊತೆಗೇ ಕಿತ್ತು ಬರುತ್ತದೆ. ಎರಡು ಇಂಚು ಬೆಳೆದಾಗ ಹೆಚ್ಚಿನ ಸಸಿ ತೆಗೆದು 2 ಇಂಚು ಅಂತರಕ್ಕೆ ತೆಳುಮಾಡಿ.

ಬೀಟ್‌ರೂಟೂ ನೆಲಕ್ಕೇ ಹಾಕಿ. ಅದರ ಬೀಜ ಅನ್ನುವುದು ಎರಡು ಮೂರು ಬೀಜಗಳ ಗಂಟು, ಹಾಗಾಗಿ ಎಷ್ಟು ಅಂತರ ಕೊಟ್ಟು ಬಿತ್ತಿದರೂ ಗುಂಪಾಗಿಯೇ ಹುಟ್ಟುತ್ತದೆ. ರಾತ್ರಿ ನೆನೆಸಿ, ಅರ್ಧ ಇಂಚು ಆಳದಲ್ಲಿ 4 ಇಂಚಿಗೊಂದು ಗಂಟು ಬಿತ್ತಿ, ಮೂರು ಇಂಚು ಎತ್ತರಕ್ಕೆ ಬಂದಾಗ ಗುಂಪಿಗೆ ಒಂದನ್ನೇ ಬಿಡಿ. ತೆಳುಮಾಡಲು ಮನಸ್ಸು ಬಾರದೆ ಬಿಟ್ಟರೆ ಒಂದೂ ಗೆಡ್ಡೆ ಕಟ್ಟುವುದಿಲ್ಲ. ಬಿಸಿಯಲ್ಲಿ ಬೆಳೆದ ಬೀಟ್‌ರೂಟನ್ನು ಕತ್ತರಿಸಿದಾಗ ಬಿಳಿ ಬಳೆಗಳು ಕಾಣುತ್ತವೆ. ಅದು ರೋಗವಲ್ಲ, ತಿನ್ನಬಹುದು. ಒಳಗೆ ಕಪ್ಪು, ಗಟ್ಟಿ ಮಚ್ಚೆ ಇದ್ದರೆ ಬೋರಾನ್ ಕೊರತೆ. ಲೀಟರಿಗೆ 1 ಗ್ರಾಂ ಬೋರಾಕ್ಸ್ ಕರಗಿಸಿ ಬಿತ್ತಿದ 30ನೇ ದಿನ ಒಮ್ಮೆ ಎಲೆಗೆ ಸಿಂಪಡಿಸಿದರೆ ಸಾಕು. ಬೋರಾನ್ ಬೇಕಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ, ಎರಡನೇ ಸಲ ಕೈ ಹಾಕಬೇಡಿ.

ತಾರಸಿ_ನಾಗರಭಾವಿ · ಜನವರಿ 28

ಇಬ್ಬರಿಗೂ ಧನ್ಯವಾದ. ಹಾಗಾದರೆ ಕ್ಯಾರೆಟ್, ಬೀಟ್‌ರೂಟ್ ನೆಲಕ್ಕೆ, ಉಳಿದದ್ದು ಮೇಲಕ್ಕೆ. ಇನ್ನೂ ಮೂರು ಪ್ರಶ್ನೆ. ನೆರಳು ಪರದೆ ಎಷ್ಟು ಶೇಕಡಾದ್ದು, ಯಾವಾಗಿನಿಂದ? ಕುಡಿಯುವ ನೀರಿನ ಆರ್‌ಒ ಯಂತ್ರದಿಂದ ಹೊರಹೋಗುವ ನೀರನ್ನು ಗಿಡಕ್ಕೆ ಹಾಕಬಹುದಾ? ಕೊತ್ತಂಬರಿ ಏಕೆ ಒಂದು ಗೇಣು ಆಗುವ ಮೊದಲೇ ಹೂ ಬಿಡುತ್ತದೆ?

ಹನಿ_ನೀರು · ಜನವರಿ 29

ಮೊದಲು ನೀರು, ಏಕೆಂದರೆ ಪರದೆಗಿಂತ ಅದೇ ಹೆಚ್ಚು ಹಾನಿ ಮಾಡೋದು.

ಆರ್‌ಒ ಯಂತ್ರ ಉಪ್ಪನ್ನು ಒಂದು ಕಡೆ ತಳ್ಳುತ್ತೆ, ಆ ಕಡೆಯ ನೀರೇ ನಿಮ್ಮ ಬಕೆಟ್ಟಿಗೆ ಬರೋದು. ಬೋರ್‌ವೆಲ್ ನೀರು ಒಳಗೆ ಹೋಗಿದ್ದರೆ ಹೊರಬರೋದು ಅದಕ್ಕಿಂತ ಉಪ್ಪು. ತರಕಾರಿಗಳಲ್ಲಿ ಹುರುಳಿಕಾಯಿ ಮತ್ತು ಕ್ಯಾರೆಟ್‌ಗೆ ಉಪ್ಪು ತಡೆಯೋ ಶಕ್ತಿ ತುಂಬಾ ಕಡಿಮೆ, ಮೂಲಂಗಿಯೂ ಅಷ್ಟಕ್ಕಷ್ಟೆ. ಬೀಟ್‌ರೂಟ್ ತಡೆಯುತ್ತೆ, ಪಾಲಕ್ ಕೂಡ ಸ್ವಲ್ಪ ಮಟ್ಟಿಗೆ. ಆ ನೀರನ್ನು ನೆಲ ಒರೆಸೋಕೆ ಇಟ್ಟುಕೊಳ್ಳಿ. ಹಾಕಲೇಬೇಕಾದರೆ ಎರಡು ಪಾಲು ಕಾವೇರಿ ನೀರು ಬೆರೆಸಿ ಪಾಲಕ್, ಬೀಟ್‌ರೂಟ್‌ಗೆ ಮಾತ್ರ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಯಾವ ಗಿಡಕ್ಕೂ ಧಾರಾಳವಾಗಿ ಹಾಕಬಹುದು. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದು ಅಂತ 5,000 ರೂಪಾಯಿ ದಂಡದ ಆದೇಶ ಹೊರಡಿಸಿತ್ತು. ಆದ್ದರಿಂದ ಈ ಬೆಳೆಗಳನ್ನು ಮಾರ್ಚ್ ಮಧ್ಯಕ್ಕೆ ಮುಗಿಸೋ ಲೆಕ್ಕ ನೀರಿನ ದೃಷ್ಟಿಯಿಂದಲೂ ಸರಿ.

ಬೋರ್‌ವೆಲ್ ನೀರು ಗಡುಸಾಗಿದ್ದರೆ ಬ್ಯಾಗಿನ ಅಂಚಲ್ಲಿ ಬಿಳಿ ಪುಡಿ ಕೂರುತ್ತೆ, ಹೊಸ ಎಲೆ ನರ ಹಸಿರು ಉಳಿದು ನಡುವೆ ಹಳದಿ ಆಗುತ್ತೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತೆ, ಸುಣ್ಣದ ಅಂಶ ಹೆಚ್ಚಾಗಿ ಗಿಡಕ್ಕೆ ಅದು ದಕ್ಕಲ್ಲ. ಇಂಥ ಬ್ಯಾಗಿಗೆ ಒಲೆ ಬೂದಿ ಹಾಕಬೇಡಿ, ಕ್ಷಾರ ಇನ್ನೂ ಏರುತ್ತೆ. ಹದಿನೈದು ದಿನಕ್ಕೊಮ್ಮೆ ಕಾವೇರಿ ನೀರು ಬಂದ ದಿನ ಅಡಿಯಿಂದ ಚೆನ್ನಾಗಿ ಹರಿದುಹೋಗೋವರೆಗೆ ಹಾಕಿ ಉಪ್ಪು ತೊಳೆಯಿರಿ. ಆ ಮಾರನೇ ದಿನ ಗೊಬ್ಬರದ ನೀರು ಕೊಡಿ, ಏಕೆಂದರೆ ತೊಳೆದಾಗ ಸಾರಜನಕವೂ ಹೋಗಿರುತ್ತೆ. ಕಡಲೆಕಾಯಿ ಹಿಂಡಿ 100 ಗ್ರಾಂ, 2 ಲೀಟರ್ ನೀರಲ್ಲಿ ಎರಡು ಮೂರು ದಿನ ನೆನೆಸಿ, ಸೋಸಿ, ಹತ್ತರಷ್ಟು ನೀರು ಬೆರೆಸಿ, ದೊಡ್ಡ ಬ್ಯಾಗಿಗೆ ಒಂದು ಲೀಟರ್. ಮೂಲಂಗಿಗೆ ಇದು ಒಂದೇ ಸಲ ಸಾಕು. ಹೆಚ್ಚಾದರೆ ಸೊಪ್ಪು ಸೊಗಸಾಗಿ ಬಂದು ಗೆಡ್ಡೆ ಸಣಕಲಾಗುತ್ತೆ.

ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹೆಚ್ಚಿರೋ ಮಿಶ್ರಣದಲ್ಲಿ ಇನ್ನೊಂದು ತೊಡಕು ಇದೆ. ಮೇಲೆ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತೆ, ಕೆಳಗೆ ಹಿಂಡಿದರೆ ನೀರು ಬರುವಷ್ಟು ಒದ್ದೆ ಇರುತ್ತೆ. ನೋಟಕ್ಕೆ ನಂಬಿ ದಿನಾ ನೀರು ಹಾಕಿದರೆ ಬೇರು ಕೊಳೆಯುತ್ತೆ. ಬೆರಳನ್ನು ಎರಡು ಗೆಣ್ಣಿನಷ್ಟು ಇಳಿಸಿ ನೋಡಿ. ಅಲ್ಲಿ ತಂಪಿದ್ದರೆ ಅಂದು ನೀರು ಬೇಡ. ಹೊಸ ಕೋಕೋಪೀಟ್ ಇಟ್ಟಿಗೆ ಬಳಸೋದಾದರೆ ಎರಡು ಮೂರು ನೀರಲ್ಲಿ ತೊಳೆದು ಹಿಂಡಿ ಬಳಸಿ, ಅದರಲ್ಲೂ ಉಪ್ಪಿರುತ್ತೆ. ಕೆಮ್ಮಣ್ಣು, ಕೋಕೋಪೀಟ್, ಕಾಂಪೋಸ್ಟು ಸಮಪಾಲು, ದೊಡ್ಡ ಬ್ಯಾಗಿಗೆ ಎರಡು ಹಿಡಿ ಬೇವಿನ ಹಿಂಡಿ.

ಇನ್ನು ಪರದೆ. ಫೆಬ್ರವರಿ ಮೊದಲ ಎರಡು ವಾರ ಯಾವುದಕ್ಕೂ ಬೇಡ. ಈಗಲೇ ಕಟ್ಟಿದರೆ ಮೂಲಂಗಿ ಬೆಳಕಿಗಾಗಿ ಉದ್ದಕ್ಕೆ ಎಳೆದುಕೊಳ್ಳುತ್ತೆ. ಮೂರನೇ ವಾರದಿಂದ ಗೆಡ್ಡೆ ತರಕಾರಿಗೆ ಶೇ 35ರ ಪರದೆ, ಸೊಪ್ಪಿಗೆ ಶೇ 50. ಶೇ 75 ಆರ್ಕಿಡ್, ಜರೀಗಿಡಗಳಿಗೆ ಬೇಕಾದದ್ದು, ಅಂಗಡಿಯವರು ಒತ್ತಾಯಿಸಿದರೂ ತರಬೇಡಿ. ಎತ್ತರ ಕಡೇಪಕ್ಷ 6 ಅಡಿ ಇರಲಿ. ಗಿಡದ ನೆತ್ತಿಗೆ ಹತ್ತಿರ ಕಟ್ಟಿದರೆ ಬಿಸಿ ಗಾಳಿ ಅದರ ಕೆಳಗೇ ನಿಲ್ಲುತ್ತೆ, ಪರದೆ ಹಾಕಿಯೂ ಪ್ರಯೋಜನ ಇಲ್ಲ. ಒಂದು ಬದಿಗೆ ಉಂಗುರ ಹಾಕಿ ಸರಿಸೋ ಹಾಗೆ ಮಾಡಿ, 11ರಿಂದ 4ರವರೆಗೆ ಎಳೆದು ಉಳಿದ ಹೊತ್ತು ತೆರೆದಿಡಿ. ಟ್ಯಾಂಕಿನ ನೆರಳಿನ ಮೂಲೆಗೆ ಕೊತ್ತಂಬರಿ, ನವಿಲುಕೋಸು ಹೋಗಲಿ. ಬ್ಯಾಗುಗಳನ್ನು ಎರಡೆರಡು ಇಟ್ಟಿಗೆ ಮೇಲೆ ಎತ್ತಿಡಿ, ಅಡಿಯಲ್ಲಿ ಗಾಳಿ ಆಡಿದರೆ ಕಾಂಕ್ರೀಟಿನ ಕಾವು ನೇರ ತಾಕಲ್ಲ.

ಹೊದಿಕೆಗೆ ಹುಡುಕಾಡಬೇಕಿಲ್ಲ. ಬೀದಿಯ ಹೊಂಗೆ ಮರಗಳು ಎಲೆ ಉದುರಿಸೋ ಕಾಲ ಇದು. ಒಣಗಿದ ಎಲೆಯನ್ನು ಕೈಯಲ್ಲಿ ಪುಡಿ ಮಾಡಿ 2 ಇಂಚು ದಪ್ಪ ಹಾಸಿ, ಕಾಂಡದ ಸುತ್ತ ಒಂದು ಇಂಚು ಬಿಟ್ಟು.

ಬೀಜಡಬ್ಬಿ · ಜನವರಿ 29

ಕೊತ್ತಂಬರಿ ಬಗ್ಗೆ. ಅದು ಗಾಬರಿ ಬಿದ್ದಾಗ ಹೂ ಬಿಡುತ್ತೆ. ಬೇರು ಕಾಯ್ದರೆ, ನೀರು ಒಂದು ದಿನ ತಪ್ಪಿದರೆ, ಸಸಿ ಕಿತ್ತು ನೆಟ್ಟರೆ ಆಯಸ್ಸು ಮುಗೀತು ಅಂದುಕೊಂಡು ಬೀಜಕ್ಕೆ ಓಡುತ್ತೆ. ಹಾಗಾಗಿ ನೇರ ಬಿತ್ತಬೇಕು, ನಾಟಿ ಕೂಡದು. ಅಡುಗೆಮನೆ ಧನಿಯ ಬಳಸೋರು ಒಂದು ಗಮನಿಸಿ. ಅದು ಬೀಜಕ್ಕೆ, ಮಸಾಲೆಗೆ ಅಂತ ಬೆಳೆದ ತಳಿ, ಬೇಗ ಹೂ ಬಿಡೋದು ಅದರ ಗುಣ. ಸೊಪ್ಪಿಗೆ ಅಂತಲೇ ಇರೋ ತಳಿ ತನ್ನಿ. ಹೆಸರಘಟ್ಟದ ಅರ್ಕಾ ಇಶಾ ಹಲವು ಸಲ ಕೊಯ್ಯೋಕೆ ಬರುತ್ತೆ.

ಕಾಯನ್ನು ಚಪ್ಪಲಿಯಿಂದ ಅಥವಾ ಲಟ್ಟಣಿಗೆಯಿಂದ ಹಗುರವಾಗಿ ಉಜ್ಜಿ ಎರಡು ಹೋಳು ಮಾಡಿ, 12 ಗಂಟೆ ನೆನೆಸಿ, ಬಟ್ಟೆ ಮೇಲೆ ನೀರಾರಿಸಿ, ಅರ್ಧ ಇಂಚು ಆಳಕ್ಕೆ ಬಿತ್ತಿ. ಜಜ್ಜಬೇಡಿ, ಒಳಗಿನ ಬೀಜ ಒಡೆದರೆ ಹುಟ್ಟಲ್ಲ. 8–12 ದಿನಕ್ಕೆ ಮೊಳಕೆ. ಫೆಬ್ರವರಿ 1, 10, 20 ಹೀಗೆ ಮೂರು ಸಲ ಬಿತ್ತಿ ನಿಲ್ಲಿಸಿ. ಐದಾರು ಇಂಚಿಗೇ ಕೊಯ್ಯಿರಿ, ನಡುವಿನ ದಂಟು ಏಳೋಕೆ ಬಿಡಬೇಡಿ. ಎಲೆ ಸಬ್ಬಸಿಗೆಯಂತೆ ಸಣ್ಣಗಾದರೆ ಹೂ ಬರೋಕೆ ಶುರುವಾಯ್ತು ಅಂತ. ಆಮೇಲೆ ಕುಡಿ ಚಿವುಟಿದರೂ ತಿರುಗಿ ಬರಲ್ಲ, ಕಿತ್ತು ಅಡುಗೆಗೆ ಬಳಸಿ.

ಸಬ್ಬಸಿಗೆ ಹೆಸರು ನಿಮ್ಮ ಪಟ್ಟಿಯಲ್ಲಿ ಇಲ್ಲ. ಈಗ ಹಾಕಿದರೆ 40 ದಿನಕ್ಕೆ ಬರುತ್ತೆ, ಕೊತ್ತಂಬರಿಯಷ್ಟು ನಖರ ಇಲ್ಲ. ಒಂದು ಬ್ಯಾಗು ಅದಕ್ಕೆ ಕೊಡಿ.

ಬಟಾಣಿ: ಬಾನ್‌ವಿಲ್ ಈಗ ಬೇಡ ಅನ್ನೋದಕ್ಕೆ ನನ್ನದೂ ಒಪ್ಪಿಗೆ. ಹೂ ಬರೋ ಹೊತ್ತಿಗೆ ಮಾರ್ಚ್, ಹೂ ಉದುರುತ್ತೆ, ಜೊತೆಗೆ ಒಣ ಹಗಲು ತಂಪು ರಾತ್ರಿಯ ಈ ಹವೆಯಲ್ಲಿ ಬೂದಿ ರೋಗ ಬೇರೆ. ಬಟಾಣಿ ಬೇಕೇ ಬೇಕು ಅಂದರೆ ಬಿಸಿ ತಡೆಯೋಕೆ ಅಂತ ಹೆಸರಘಟ್ಟದಲ್ಲಿ ಅಭಿವೃದ್ಧಿ ಮಾಡಿದ ಅರ್ಕಾ ಚೈತ್ರ ಹುಡುಕಿ. ಇಲ್ಲವಾದರೆ ಬಾನ್‌ವಿಲ್ ಬೀಜವನ್ನೇ ಒಂದು ಬ್ಯಾಗಲ್ಲಿ ಒಂದು ಇಂಚು ಅಂತರದಲ್ಲಿ ದಟ್ಟವಾಗಿ ಬಿತ್ತಿ, ಮೂರು ವಾರಕ್ಕೆ ಚಿಗುರು ಕೊಯ್ದು ಪಲ್ಯಕ್ಕೆ ಬಳಸಿ.

ಹುರುಳಿಕಾಯಿ ಗಡಿಯ ಮೇಲಿದೆ. ಪೊದೆ ತಳಿ 35–40 ದಿನಕ್ಕೆ ಹೂ ಬಿಡುತ್ತೆ, 32 ಡಿಗ್ರಿ ಮೇಲೆ ಹೂ ಉದುರೋದು ಜಾಸ್ತಿ. ಫೆಬ್ರವರಿ 3ರ ಒಳಗೆ, ಟ್ಯಾಂಕಿನ ನೆರಳಿನ ಹತ್ತಿರ ಆದರೆ ಹಾಕಿ. ಬಳ್ಳಿ ತಳಿ ಬೇಡ, ಅದು ತಡ. ಬೀಜ ನೆನೆಸಬೇಡಿ, ಒದ್ದೆ ಮಣ್ಣಲ್ಲಿ ಸಿಪ್ಪೆ ಬಿರಿದು ಕೊಳೆಯುತ್ತೆ.

ಉಳಿದ ಹೂಕೋಸು, ಬಟಾಣಿ ಬೀಜವನ್ನು ಪೊಟ್ಟಣ ಸಮೇತ ಗಾಜಿನ ಬಾಟಲಿಗೆ ಹಾಕಿ, ಒಣ ಅಕ್ಕಿಯ ಸಣ್ಣ ಗಂಟು ಜೊತೆಗಿಟ್ಟು, ಮುಚ್ಚಳ ಬಿಗಿದು ಫ್ರಿಜ್ಜಿನ ಕೆಳಗಿನ ಭಾಗದಲ್ಲಿಡಿ. ಅಕ್ಟೋಬರ್‌ಗೆ ಚೆನ್ನಾಗೇ ಹುಟ್ಟುತ್ತೆ.

ಎಲೆಯ_ಹಿಂಬದಿ · ಜನವರಿ 30

ಹುಳದ ಬಗ್ಗೆ ಯಾರೂ ಹೇಳಿಲ್ಲ. ಫೆಬ್ರವರಿಯಲ್ಲಿ ಮಳೆ ಇಲ್ಲ, ಗಾಳಿ ಒಣ. ಎಲೆ ತೊಳೆಯುವವರು ಇಲ್ಲದಿರುವಾಗ ಸಸ್ಯಹೇನು, ಥ್ರಿಪ್ಸ್, ನುಸಿ, ರಸ ಹೀರುವ ಈ ಸಣ್ಣ ಜೀವಿಗಳು ಮೂರೂ ಏರುತ್ತವೆ.

ನವಿಲುಕೋಸಿಗೆ ಬರುವುದು ವಜ್ರಬೆನ್ನಿನ ಪತಂಗದ ಮರಿಹುಳು. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ, ತಿಳಿ ಹಸಿರು, ಮುಟ್ಟಿದರೆ ನೂಲು ಬಿಟ್ಟು ಜೋತಾಡುತ್ತದೆ. ಎಲೆಯಲ್ಲಿ ಸಣ್ಣ ಕಿಟಕಿಯಂಥ ಪಾರದರ್ಶಕ ಮಚ್ಚೆ ಕಂಡರೆ ಎಲೆ ಮಗುಚಿ ನೋಡಿ. ರೈತರು ಎಲೆಕೋಸಿನ 25 ಸಾಲಿಗೆ 2 ಸಾಲು ಸಾಸಿವೆ ಹಾಕುತ್ತಾರೆ, ಪತಂಗ ಸಾಸಿವೆಗೇ ಹೆಚ್ಚು ಮೊಟ್ಟೆ ಇಡುತ್ತದೆ. ನೀವು ಇಂದೇ ಎರಡು ಸಣ್ಣ ಡಬ್ಬಿಯಲ್ಲಿ ಒಗ್ಗರಣೆ ಸಾಸಿವೆ ಬಿತ್ತಿ ನವಿಲುಕೋಸಿನ ಅಕ್ಕಪಕ್ಕ ಇಡಿ. ಹುಳು ಕಂಡಾಗ ಸಾಸಿವೆ ಗಿಡಕ್ಕೆ ಬೇವಿನ ಎಣ್ಣೆ ಹೊಡೆಯಿರಿ. ನವಿಲುಕೋಸಿಗೂ ಹತ್ತಿದ್ದರೆ ಬಿಟಿ (ಮರಿಹುಳುವನ್ನು ಕೊಲ್ಲುವ ಬ್ಯಾಕ್ಟೀರಿಯಾ) ಪುಡಿ ಲೀಟರಿಗೆ 1 ಗ್ರಾಂ, ಸೂರ್ಯ ಇಳಿದ ಮೇಲೆ. ಬಿಸಿಲಿಗೆ ಅದು ಬೇಗ ಸತ್ವ ಕಳೆದುಕೊಳ್ಳುತ್ತದೆ.

ಬೇವಿನ ಎಣ್ಣೆ ಲೀಟರಿಗೆ 5 ಮಿ.ಲೀ., ಬೆರೆಯಲು ಸೋಪಿನ ದ್ರಾವಣ 1–2 ಮಿ.ಲೀ. ಮೊದಲು ಎಣ್ಣೆ ಮತ್ತು ಸೋಪನ್ನು ಸ್ವಲ್ಪ ಬೆಚ್ಚನೆ ನೀರಲ್ಲಿ ಕಲಸಿ ಹಾಲಿನಂತಾದ ಮೇಲೆ ಉಳಿದ ನೀರು ಸೇರಿಸಿ. ಎಣ್ಣೆ ಮೇಲೆ ತೇಲುತ್ತಿದ್ದರೆ ಕೆಲವು ಎಲೆಗೆ ಬರೀ ನೀರು, ಕೆಲವಕ್ಕೆ ಬರೀ ಎಣ್ಣೆ ಬಿದ್ದು ಸುಡುತ್ತದೆ. ಎಳೆ ಸಸಿಗೆ ಅರ್ಧ ಪ್ರಮಾಣ. ಸಂಜೆಯೇ ಹೊಡೆಯಬೇಕು.

ಹುರುಳಿಕಾಯಿಯ ಎಲೆ ಮಂಕಾಗಿ, ಸೂಜಿಮೊನೆಯ ಬಿಳಿ ಚುಕ್ಕಿ ತುಂಬಿ, ಹಿಂಬದಿಯಲ್ಲಿ ನವಿರಾದ ಬಲೆ ಕಂಡರೆ ನುಸಿ. ಮೊದಲ ಮದ್ದು ನೀರು. ಪೈಪಿನ ಬಾಯಿಗೆ ಬೆರಳು ಒತ್ತಿ, ಎಲೆಯ ಹಿಂಬದಿಗೆ ಮೂರು ದಿನ ಬೆಳಿಗ್ಗೆ ಜೋರಾಗಿ ಹಾಯಿಸಿ. ಅದಕ್ಕೂ ಬಗ್ಗದಿದ್ದರೆ ನೀರಿನಲ್ಲಿ ಬೆರೆಯುವ ಗಂಧಕ ಲೀಟರಿಗೆ 2 ಗ್ರಾಂ. ಹಗಲು 32 ಡಿಗ್ರಿ ದಾಟುವ ದಿನಗಳಲ್ಲಿ ಗಂಧಕ ಹೊಡೆಯಬೇಡಿ, ಎಣ್ಣೆ ಹೊಡೆದ ಎರಡು ವಾರದೊಳಗೂ ಬೇಡ. ಎರಡೂ ಸೇರಿದರೆ ಎಲೆ ಸುಟ್ಟುಹೋಗುತ್ತದೆ.

ಸೊಪ್ಪಿಗೆ ಏನನ್ನೂ ಹೊಡೆಯಬೇಡಿ. ಹೇನು ಹತ್ತಿದ ಮೆಂತ್ಯವನ್ನು ಕಿತ್ತು ಹಾಕಿ ಹೊಸದಾಗಿ ಬಿತ್ತುವುದು ಅಗ್ಗ. ಸಸಿ ಬುಡದಲ್ಲಿ ಕೊಳೆತು ಬೀಳುತ್ತಿದ್ದರೆ ನೀರು ಹೆಚ್ಚಾಗಿದೆ. ಮುಂದಿನ ಬಿತ್ತನೆಗೆ ಕಿಲೋ ಕಾಂಪೋಸ್ಟಿಗೆ 10 ಗ್ರಾಂ ಟ್ರೈಕೋಡರ್ಮ (ಕೊಳೆ ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿ, ಒಂದು ವಾರ ನೆರಳಲ್ಲಿ ತೇವವಾಗಿ ಇಟ್ಟು ಬಳಸಿ.

ತಾರಸಿ_ನಾಗರಭಾವಿ · ಜನವರಿ 30

ಎಲ್ಲ ಬರೆದುಕೊಂಡೆ. ಕೊನೆಯದಾಗಿ ಒಂದು: ಮಾರ್ಚ್ ಮಧ್ಯಕ್ಕೆ ಮೂಲಂಗಿ, ನವಿಲುಕೋಸು ಕಿತ್ತ ಮೇಲೆ ಬ್ಯಾಗನ್ನು ಜೂನ್‌ವರೆಗೆ ಖಾಲಿ ಬಿಡಬೇಕಾ?

ಹಿತ್ತಿಲಗಿಡ · ಜನವರಿ 30

ಖಾಲಿ ಬಿಡಬೇಡಿ. ಬರಿದಾದ ಮಣ್ಣು ಬೇಸಿಗೆಯಲ್ಲಿ ಕಾಯ್ದು ಪುಡಿಯಾಗುತ್ತೆ, ಆಮೇಲೆ ನೀರು ಹೀರೋದೇ ಇಲ್ಲ, ಅಂಚಿನಿಂದ ಇಳಿದುಹೋಗುತ್ತೆ. ಮೂಲಂಗಿ ಕಿತ್ತ ದಿನವೇ ದೊಡ್ಡ ಬ್ಯಾಗಿಗೆ ಎರಡು ಕಿಲೋ ಕಾಂಪೋಸ್ಟು, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ ಕೆದಕಿ. ಹರಿವೆ, ದಂಟು ಬಿಸಿಲಿಗೆ ಹೆದರಲ್ಲ, 25–30 ದಿನಕ್ಕೆ ಕೊಯ್ಲು. ಬೆಂಡೆಗೆ ಅರ್ಕಾ ಅನಾಮಿಕ, ದೊಡ್ಡ ಬ್ಯಾಗಿಗೆ ಮೂರು ಗಿಡ. ಹುರುಳಿಕಾಯಿ ಹಾಕಿದ್ದ ಬ್ಯಾಗಲ್ಲಿ ಗಿಡವನ್ನು ಬುಡದಲ್ಲಿ ಕತ್ತರಿಸಿ ಬೇರು ಮಣ್ಣಲ್ಲೇ ಬಿಡಿ, ಅಲ್ಲಿಗೆ ಬೆಂಡೆ ಹೋಗಲಿ. ನವಿಲುಕೋಸು ಇದ್ದ ಬ್ಯಾಗಿಗೆ ಅಲಸಂದೆ. ಅದು ಗಾಳಿಯ ಸಾರಜನಕವನ್ನು ಬೇರಲ್ಲಿ ಹಿಡಿದಿಟ್ಟುಕೊಳ್ಳೋದರಿಂದ ಹಿಂಡಿ ನೀರು ಕೇಳಲ್ಲ. ಬೀಜ ಒಂದು ಇಂಚು ಆಳ, ಬ್ಯಾಗಿಗೆ ನಾಲ್ಕು. ನೆರಳು ಪರದೆಯನ್ನು ಇವುಗಳ ಮೇಲಿಂದ ತೆಗೆದು ಪಾಲಕ್ ಕಡೆಗೆ ಸರಿಸಿ, ಬೆಂಡೆ ಅಲಸಂದೆ ಎರಡಕ್ಕೂ ಪೂರ್ತಿ ಬಿಸಿಲು ಬೇಕು.